ಗೀಟಜ್ಜನ ಚುಕ್ಕೆಗಳು

ಒಂದು ಸೇತುವೆ ಬೇಕೋ ಬೇಡವೋ ಎಂಬುದನ್ನು ನಮ್ಮ ಕಚೇರಿಯಲ್ಲಿ ಯಾರೂ ನದಿ ನೋಡಿ ಹೇಳುವುದಿಲ್ಲ, ಒಂದು ಅಂಕಿ ನೋಡಿ ಹೇಳುತ್ತಾರೆ. ಸರ್ಕಾರ ಒಂದು ಪಾಲು ಹಾಕಿದರೆ ಜನರಿಗೆ ಎಷ್ಟು ಪಾಲು ಉಪಯೋಗವಾಗುತ್ತದೆ ಎಂಬ ಅಂಕಿ ಅದು. ಒಂದಕ್ಕಿಂತ ಹೆಚ್ಚು ಬಂದರೆ ಯೋಜನೆ ಪಟ್ಟಿಯಲ್ಲಿ ಉಳಿಯುತ್ತದೆ. ಕಡಿಮೆ ಬಂದರೆ ಕಡತಕ್ಕೆ ದಾರ ಸುತ್ತಿ ಕಪಾಟಿಗೆ ಸೇರಿಸುತ್ತಾರೆ. ಲೆಕ್ಕ ಹಾಕುವವರು ಎಂಜಿನಿಯರುಗಳು. ಅವರ ಲೆಕ್ಕಕ್ಕೆ ಬೇಕಾದ ಜನರ ಎಣಿಕೆಯನ್ನು ತಾಳೆ ನೋಡಿ, ಹಾಳೆಯ ಮೂಲೆಯಲ್ಲಿ ಕಿರುಸಹಿ ಹಾಕುವುದು ನನ್ನ ಕೆಲಸ. ಹತ್ತೊಂಬತ್ತು ವರ್ಷದಿಂದ ಅದನ್ನೇ ಮಾಡುತ್ತಿದ್ದೇನೆ. ಹಗಲು ಗುಮಾಸ್ತಗಿರಿ ಮಾಡಿ ಸಂಜೆ ಕಾಲೇಜಿನಲ್ಲಿ ಸಂಖ್ಯಾಶಾಸ್ತ್ರ ಓದಿದವನಾದ್ದರಿಂದ ಕಚೇರಿಯಲ್ಲಿ ನನ್ನನ್ನು ಸಂಜೆ ಕಾಲೇಜು ಎಂದೇ ಕರೆಯುತ್ತಾರೆ.

ಆ ವರ್ಷ ಹದಿನಾಲ್ಕು ಯೋಜನೆಗಳಿದ್ದವು. ದುಡ್ಡು ಒಂಬತ್ತಕ್ಕೆ ಮಾತ್ರ. ನದಿಯ ಸೇತುವೆಗೆ ಬಂದ ಅಂಕಿ ಸೊನ್ನೆ ಪಾಯಿಂಟ್ ಎಂಟು ನಾಲ್ಕು. ಒಂದು ಮಂಗಳವಾರ ಮಧ್ಯಾಹ್ನ ಅಟೆಂಡರ್ ಆ ಕಡತಕ್ಕೆ ದಾರ ಸುತ್ತುವುದನ್ನು ನನ್ನ ಮೇಜಿನಿಂದಲೇ ನೋಡಿದೆ. ಎರಡು ಸುತ್ತು, ಒಂದು ಗಂಟು. ನನ್ನ ಟಿಫಿನ್ ಡಬ್ಬಿ ತೆರೆದೇ ಇತ್ತು. ಆಮೇಲೆ ಊಟ ಸೇರಲಿಲ್ಲ.

ಆ ನದಿಯ ಆಚೆ ದಡದಲ್ಲಿ ನನ್ನ ಅಕ್ಕ ಇದ್ದಾಳೆ.

ಅಕ್ಕ ನನಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು ಅವಳೇ. ಭಾವ ತೀರಿಕೊಂಡು ಒಂಬತ್ತು ವರ್ಷವಾಯಿತು. ಮಕ್ಕಳಿಲ್ಲ. ಹೊಲಿಗೆ ಅಂಗಡಿ ಇಟ್ಟುಕೊಂಡು ಅದರ ಹಿಂದಿನ ಎರಡು ಕೋಣೆಗಳಲ್ಲಿ ಒಬ್ಬಳೇ ಇದ್ದಾಳೆ. ಈಚೆ ದಡದಲ್ಲಿ ನಾನೂ ಒಬ್ಬನೇ, ಮಹಡಿಯ ಮೇಲಿನ ಒಂದು ಕೋಣೆಯಲ್ಲಿ. ಕಬ್ಬಿಣದ ಮೆಟ್ಟಿಲು ಹತ್ತುವ ಸದ್ದು ಕೇಳಿದ ಕೂಡಲೇ ಕೆಳಗಿನಿಂದ ಮನೆಯೊಡತಿ "ಊಟ ಆಯ್ತಾ?" ಎನ್ನುತ್ತಾಳೆ. ಉತ್ತರಕ್ಕೆ ಕಾಯುವುದಿಲ್ಲ. ನಾನು "ಆಯ್ತು" ಎನ್ನುವಷ್ಟರಲ್ಲಿ ಅವಳ ಬಾಗಿಲು ಮುಚ್ಚಿರುತ್ತದೆ. ದಿನಕ್ಕೆ ಒಂದು ಸಲವಾದರೂ ಯಾರೋ ಕೇಳುತ್ತಾರಲ್ಲ ಎಂದು ನಾನು ಮೆಟ್ಟಿಲನ್ನು ಸ್ವಲ್ಪ ಜೋರಾಗಿಯೇ ಹತ್ತುತ್ತೇನೆ.

ಎರಡೂ ದಡಗಳಿಂದ ಕೊನೆಯ ಲಾಂಚು ಸಂಜೆ ಆರಕ್ಕೆ. ಕಚೇರಿ ಬಿಡುವುದು ಐದೂವರೆಗೆ, ಅಲ್ಲಿಂದ ಲಾಂಚು ಕಟ್ಟೆಗೆ ಬಸ್ಸಿನಲ್ಲಿ ನಲವತ್ತು ನಿಮಿಷ. ಹಾಗಾಗಿ ಅಕ್ಕನ ಮನೆಗೆ ಭಾನುವಾರ ಮಾತ್ರ. ಭಾನುವಾರ ರಾತ್ರಿ ಅಲ್ಲೇ ಉಳಿದು ಬೆಳಗ್ಗೆ ಬರಬಹುದಿತ್ತು. ಆದರೆ ಮಂಜು ಕವಿದರೆ ಬೆಳಗಿನ ಲಾಂಚು ತಡವಾಗುತ್ತದೆ, ಮತ್ತು ನಾನು ಕಚೇರಿಗೆ ಒಂದು ದಿನವೂ ತಡವಾಗಿ ಹೋದವನಲ್ಲ. ಮಧ್ಯಾಹ್ನ ಅವಳ ಮನೆಯಲ್ಲಿ ಉಂಡು ಆರರ ಲಾಂಚಿಗೆ ಹೊರಡುತ್ತಿದ್ದೆ. ಅವಳ ಮನೆಯಲ್ಲಿ ದೀಪ ಹಚ್ಚಿದ್ದನ್ನು ನಾನು ನೋಡಿ ಎಷ್ಟೋ ವರ್ಷವಾಗಿತ್ತು. ಸೇತುವೆಯಾದರೆ ಕಚೇರಿ ಬಿಟ್ಟು ಬಸ್ಸು ಹತ್ತಿ ಏಳು ಗಂಟೆಗೆ ಅವಳ ಮನೆ ಸೇರಬಹುದು, ಬುಧವಾರವೋ ಗುರುವಾರವೋ ಒಂದು ದಿನ ಇಬ್ಬರೂ ಕೂತು ರಾತ್ರಿ ಊಟ ಮಾಡಬಹುದು. ಇಷ್ಟೇ ನನ್ನ ಆಸೆ. ಇಷ್ಟು ಸಣ್ಣ ಆಸೆಗೆ ಅಷ್ಟು ದೊಡ್ಡ ಸೇತುವೆಯೇ ಎಂದು ನನಗೇ ನಾಚಿಕೆಯಾಗುತ್ತಿತ್ತು. ಕಚೇರಿಯಲ್ಲಿ ಯಾರಿಗೂ ಹೇಳಿರಲಿಲ್ಲ.

ಹೇಳದೆ ಇದ್ದುದೇ ನನ್ನ ಮೊದಲ ತಪ್ಪು. ಎರಡನೆಯದು ಇನ್ನೂ ದೊಡ್ಡದು.

ಲಾಂಚಿನ ಎಣಿಕೆ ನಡೆದದ್ದು ಮೂರು ದಿನ. ಬೆಳಗ್ಗೆ ಆಚೆಯಿಂದ ಬಂದು ಇಳಿಯುವವರನ್ನು ಇಬ್ಬರು ಕಾಲೇಜು ಹುಡುಗಿಯರು ಎಣಿಸಿದರು. ಮಧ್ಯಾಹ್ನದಿಂದ ಸಂಜೆಯವರೆಗೆ ಹತ್ತಿ ಹಿಂದಿರುಗುವವರನ್ನು ಎಣಿಸಲು ಜನ ಸಾಲದೆ, ನಿವೃತ್ತನಾಗಿದ್ದ ಹಳೆಯ ಎಣಿಕೆದಾರನನ್ನು ಕರೆಸಿದ್ದರು. ನಲವತ್ತು ವರ್ಷ ರಸ್ತೆ ಬದಿಯಲ್ಲಿ ಕೂತು ಗೀಟು ಎಳೆದ ಮನುಷ್ಯ. ಪತ್ರಿಕೆ ಓದುವಾಗಲೂ ಅಂಚಿನಲ್ಲಿ ಗೀಟು ಎಳೆಯುತ್ತಿದ್ದನಂತೆ. ಎಲ್ಲರಿಗೂ ಅವನು ಗೀಟಜ್ಜ. ನಾನು ಅಲ್ಲಿಯವರೆಗೆ ಬಸ್ಸು, ಲಾರಿಗಳ ಎಣಿಕೆಯನ್ನಷ್ಟೇ ನೋಡಿದವನು. ಲಾಂಚಿನ ಹಾಳೆ ನನ್ನ ಮೇಜಿಗೆ ಬಂದದ್ದು ಅದೇ ಮೊದಲು.

ಬೆಳಗ್ಗೆ ಬಂದವರು ದಿನಕ್ಕೆ ಸರಾಸರಿ ಮೂರು ಸಾವಿರದ ನೂರ ಹತ್ತು. ಸಂಜೆ ಹಿಂದಿರುಗಿದವರು ಒಂದು ಸಾವಿರದ ನಾನೂರ ಎಂಬತ್ತು. ನೋಡಿದ ಕೂಡಲೇ ಕೈ ನಿಂತಿತು. ಗೀಟಜ್ಜನನ್ನು ಕೇಳಬೇಕು ಅನಿಸಿತು. ಫೋನಿನ ಮೇಲೆ ಕೈ ಇಟ್ಟದ್ದೂ ನೆನಪಿದೆ. ಆಮೇಲೆ ನನ್ನೊಳಗೇ ಒಬ್ಬ ಕೇಳಿದ: ಬೇರೆ ಯೋಜನೆಯಾಗಿದ್ದರೆ ನೀನು ಇಷ್ಟು ತಲೆ ಕೆಡಿಸಿಕೊಳ್ಳುತ್ತಿದ್ದೆಯಾ? ಸೇತುವೆ ಬೇಕು ಅಂತ ತಾನೇ ನಿನಗೆ ಅಂಕಿ ಕಡಿಮೆ ಕಾಣುವುದು?

ಫೋನು ಬಿಟ್ಟೆ. 'ಉಳಿದವರು ಸುತ್ತು ದಾರಿಯ ಬಸ್ಸಿನಲ್ಲಿ ಹಿಂದಿರುಗಿರಬಹುದು' ಎಂದು ಷರಾ ಬರೆದು ಕಿರುಸಹಿ ಹಾಕಿದೆ. ನ್ಯಾಯವಾಗಿ ನಡೆದುಕೊಂಡೆ ಎಂದು ಆ ರಾತ್ರಿ ಚೆನ್ನಾಗಿ ನಿದ್ದೆ ಬಂತು. ಅದನ್ನು ನೆನೆದರೆ ಈಗಲೂ ಮುಖ ಬಿಸಿಯಾಗುತ್ತದೆ.

ಕಡತಕ್ಕೆ ದಾರ ಸುತ್ತಿದ ವಾರದ ಭಾನುವಾರ ಅಕ್ಕನ ಮನೆಗೆ ಹೋದೆ. ಅವಳು ಯಾರದೋ ಕೋಟಿಗೆ ಕಾಜ ಹೊಲಿಯುತ್ತಿದ್ದಳು.

"ಸೇತುವೆ ಇಲ್ವಂತೆ ಅಕ್ಕ" ಎಂದೆ.

"ಇಲ್ದಿದ್ರೆ ಬೇಡ ಬಿಡು. ಇಷ್ಟು ದಿನ ಏನು ಹಾರ್ಕೊಂಡು ಬರ್ತಿದ್ಯಾ?" ಸೂಜಿಯಿಂದ ಕಣ್ಣು ತೆಗೆಯದೆ ಹೇಳಿದಳು. ಒಂದು ಕಾಜ ಮುಗಿಸಿ, "ಯಾಕಂತೆ?" ಎಂದಳು.

ಕಚೇರಿಯ ಅಂಕಿಗಳನ್ನು ಹೊರಗೆ ಹೇಳಬಾರದು. ಅಂದು ಹೇಳಿಬಿಟ್ಟೆ. ಅವಳು ಸೂಜಿ ಕೆಳಗಿಟ್ಟಳು.

"ಬೆಳಗ್ಗೆ ಮೂರು ಸಾವಿರ ಹೋಗಿ ಸಂಜೆ ಒಂದೂವರೆ ಸಾವಿರ ವಾಪಸ್ ಬಂದ್ರಾ?"

"ಹೂಂ."

"ಮಿಕ್ಕವರೇನು ಈಜ್ಕೊಂಡು ಬಂದ್ರಾ?"

"ಬಸ್ಸಲ್ಲಿ ಸುತ್ತು ಹಾಕ್ಕೊಂಡು..."

"ಲೋ, ಆ ಬಸ್ಸು ಮೂರು ಗಂಟೆ ತಗೊಳತ್ತೆ! ದಿನಾ ದುಡಿದು ಬರೋರು ಅದ್ರಲ್ಲಿ ಬರ್ತಾರಾ? ದಿನಕ್ಕೆ ಒಂದೂವರೆ ಸಾವಿರ ಜನ ಅಲ್ಲೇ ಉಳ್ಕೊಂಡ್ರೆ ನಮ್ಮೂರು ಇಷ್ಟೊತ್ತಿಗೆ ಖಾಲಿ ಆಗಿ, ನಾನು ಗಾಳಿಗೆ ಅಂಗಿ ಹೊಲೀಬೇಕಿತ್ತು." ನಕ್ಕಳು. ನಾನು ನಗದಿದ್ದುದನ್ನು ನೋಡಿ ಅವಳ ನಗೆ ನಿಂತಿತು. "ಇದನ್ನ ಯಾವ ಮಹಾನುಭಾವ ಒಪ್ಪಿ ಸಹಿ ಹಾಕಿದ?"

ನಾನು ಗಡಿಯಾರ ನೋಡಿದೆ. ಐದೂಕಾಲು.

"ಹೊರಡ್ತೀನಿ ಅಕ್ಕ. ಲಾಂಚಿಗೆ ತಡ ಆಗತ್ತೆ."

"ಹೊರಡು, ಹೊರಡು. ಸೇತುವೆ ಆದ್ಮೇಲೂ ನೀನು ಗಡಿಯಾರ ನೋಡ್ತಾನೇ ಇರ್ತೀಯ."

ಸೋಮವಾರ ದಾಖಲೆ ಕೋಣೆಯಿಂದ ಸಂಜೆಯ ಹಾಳೆಗಳನ್ನು ತೆಗೆಸಿದೆ. ನಾಲ್ಕು ನಿಂತ ಗೀಟು, ಅಡ್ಡ ಒಂದು. ಐದರ ಕಟ್ಟುಗಳು ಸಾಲು ಸಾಲು. ನಡುನಡುವೆ ಅಲ್ಲಲ್ಲಿ ಒಂದೊಂದು ಚುಕ್ಕೆ. ಮೊದಲ ಸಲ ನೋಡಿದಾಗ ಮುದುಕನ ಕೈ ನಡುಗಿ ಪೆನ್ನು ತಾಗಿರಬೇಕು ಎಂದುಕೊಂಡಿದ್ದೆ. ಈಗ ನೋಡಿದರೆ ಚುಕ್ಕೆಗಳೆಲ್ಲ ಗೀಟುಗಳ ಸಾಲಿನಲ್ಲೇ, ಅಚ್ಚುಕಟ್ಟಾಗಿ ಕೂತಿದ್ದವು. ಊಟದ ಬಿಡುವಿಗೆ ಇನ್ನೊಂದು ಗಂಟೆ ರಜೆ ಸೇರಿಸಿಕೊಂಡು ಗೀಟಜ್ಜನ ಮನೆಗೆ ಹೋದೆ.

ಸೊಸೆ ಬಾಗಿಲು ತೆರೆದು, "ಬಲಗಿವಿ ಕಡೆ ಕೂತು ಮಾತಾಡಿ. ಎಡಗಿವಿ ಶೋಕಿಗೆ" ಎಂದು ಒಳಗೆ ಹೋದಳು. ಅಜ್ಜ ಕಿಟಕಿಯ ಹತ್ತಿರ ಕೂತಿದ್ದ. ಕಿಟಕಿಯಾಚೆ ರಸ್ತೆ.

"ಯಾರು? ಸಂಜೆ ಕಾಲೇಜಾ? ಬಾ ಬಾ. ಇವತ್ತು ಬೆಳಗ್ಗೆಯಿಂದ ಇಪ್ಪತ್ತೇಳು ಸೈಕಲ್ಲು, ಗೊತ್ತಾ? ಯಾರಿಗೂ ಬೇಡ ಈ ಲೆಕ್ಕ."

ಹಾಳೆ ಅವನ ಮುಂದೆ ಹಿಡಿದೆ. "ಅಜ್ಜ, ಲಾಂಚಿನಲ್ಲಿ ಒಂದು ಗೀಟಿಗೆ ಎಷ್ಟು ಜನ ಹಾಕಿದ್ರಿ?"

"ಎಷ್ಟು ಅಂದ್ರೆ? ಇಬ್ರು."

"ಇಬ್ರಾ?"

"ಮತ್ತೆ? ಹತ್ತೋ ಹಲಗೆ ನೋಡಿದ್ಯಾ? ಸರಿಯಾಗಿ ಇಬ್ರು ಹೋಗೋ ಅಗಲ. ಐದು ಗಂಟೆ ಮೇಲೆ ಗೇಟು ತೆಗೆದ್ರೆ ಕಟ್ಟೆ ಒಡೆದ ನೀರಿನ ಹಾಗೆ ಜನ. ಒಬ್ಬೊಬ್ರಿಗೂ ಗೀಟು ಎಳೀತಾ ಕೂತ್ರೆ ಅರ್ಧ ಜನ ಆ ದಡ ಸೇರಿರ್ತಾರೆ. ಲಾಂಚಿನ ಗೀಟು ಅಂದ್ರೆ ಜೋಡಿ. ನಮ್ಮ ಕಾಲದಿಂದ ಹಾಗೇ."

"ಹಾಳೆ ಮೇಲೆ ಬರೀಬೇಕಿತ್ತಲ್ಲ ಅಜ್ಜ."

"ಬರೆಯೋಕೇನಿದೆ ಅದ್ರಲ್ಲಿ? ಆಗ ತಾಳೆ ನೋಡ್ತಿದ್ದೋರಿಗೆಲ್ಲ ಗೊತ್ತಿತ್ತು. ನೀನು ಕೇಳಿದ್ರೆ ನಿನಗೂ ಹೇಳ್ತಿದ್ದೆ. ಕೇಳಿದ್ಯಾ?"

ಇಲ್ಲ ಎಂದು ತಲೆಯಾಡಿಸಿದೆ. ಹಾಳೆಯ ಮೇಲೆ ಬೆರಳಿಟ್ಟೆ. "ಈ ಚುಕ್ಕೆ?"

"ಅದು ಒಂಟಿ. ಜೊತೆ ಇಲ್ದೆ ಬಂದವನು. ಅವನಿಗೂ ಗೀಟು ಕೊಟ್ರೆ ಸುಳ್ಳು ಲೆಕ್ಕ ಆಗತ್ತಲ್ಲಪ್ಪ. ಅವನೊಬ್ಬ, ಅವನ ಪಕ್ಕ ಇಲ್ದೇ ಇರೋನೊಬ್ಬ, ಇಬ್ರನ್ನೂ ಎಣಿಸಿದ ಹಾಗೆ."

ಅದನ್ನೆಲ್ಲ ಒಂದು ಕಾಗದದ ಮೇಲೆ ಬರೆದು ಅಜ್ಜನ ಸಹಿ ಹಾಕಿಸಿಕೊಂಡೆ. ಸಹಿಯ ಕೆಳಗೂ ಅವನು ಒಂದು ಗೀಟು ಎಳೆದ.

ಕಚೇರಿಗೆ ಬಂದು ಮತ್ತೆ ಎಣಿಸಿದೆ. ನಂಬಿಕೆಯಾಗದೆ ಮೂರು ಸಲ ಎಣಿಸಿದೆ. ದಿನದ ಸರಾಸರಿ ಗೀಟು ಒಂದು ಸಾವಿರದ ನಾನೂರ ಎಂಬತ್ತು, ಅಂದರೆ ಎರಡು ಸಾವಿರದ ಒಂಬೈನೂರ ಅರವತ್ತು ಜನ. ಚುಕ್ಕೆ ನೂರ ಹನ್ನೆರಡು. ಒಟ್ಟು ಮೂರು ಸಾವಿರದ ಎಪ್ಪತ್ತೆರಡು. ಬೆಳಗ್ಗೆ ಬಂದ ಮೂರು ಸಾವಿರದ ನೂರ ಹತ್ತರಲ್ಲಿ ಮೂವತ್ತೆಂಟು ಜನ ಮಾತ್ರ ಹಿಂದಿರುಗಿರಲಿಲ್ಲ. ಅವರು ಯಾರದೋ ಮನೆಯಲ್ಲಿ ಉಳಿದಿರಬೇಕು, ಯಾರೋ ಇರು ಅಂದಿರಬೇಕು.

ನಮ್ಮ ವಿಭಾಗದ ಮುಖ್ಯಸ್ಥೆ ಎಂಜಿನಿಯರ್. ನಾವೆಲ್ಲ ಮೇಡಂ ಎನ್ನುತ್ತೇವೆ. ಹಣ ಹಂಚುವ ಸಮಿತಿ ಶುಕ್ರವಾರ ಕೂರುವುದಿತ್ತು. ಬುಧವಾರ ಬೆಳಗ್ಗೆ ಅವರ ಕೋಣೆಗೆ ಹೋಗಿ, ಹಾಳೆಗಳನ್ನೂ ಅಜ್ಜನ ಕಾಗದವನ್ನೂ ಮೇಜಿನ ಮೇಲಿಟ್ಟು, ನಿಂತೇ ಎಲ್ಲ ಹೇಳಿದೆ. ಬೈಗುಳಕ್ಕೆ ಸಿದ್ಧನಾಗಿದ್ದೆ. ಅವರು ಬೈಯದೆ ಕ್ಯಾಲ್ಕುಲೇಟರ್ ಎಳೆದುಕೊಂಡರು. ಹತ್ತು ನಿಮಿಷ ಅಂಕಿ ಒತ್ತುತ್ತಲೇ ಇದ್ದರು.

"ಒಂದು ಪಾಯಿಂಟ್ ಸೊನ್ನೆ ಆರು" ಎಂದು ಕನ್ನಡಕ ತೆಗೆದರು. "ಬಂತಲ್ರೀ! ನಿಮ್ಮ ಕಿರುಸಹಿ ಒಂದು ಸೇತುವೇನೇ ಮುಳುಗಿಸ್ತಿತ್ತು. ಈಗ ಎತ್ತಿದ್ದೂ ನೀವೇ, ಹೋಗ್ಲಿ. ತಿದ್ದುಪಡಿ ಫಾರಂ ತುಂಬಿ ಕೊಡಿ. ಸಮಿತಿ ಕೂರೋದ್ರೊಳಗೆ ಕೊಟ್ರೆ ಹಾಗೇ ಒಪ್ಕೋತಾರೆ. ಸೇತುವೆ ಈ ವರ್ಷದ ಪಟ್ಟಿಗೇ ಸೇರತ್ತೆ."

ಫಾರಂ ಎರಡು ಪುಟ. ನನ್ನ ಮೇಜಿಗೆ ತಂದು ತುಂಬುತ್ತಾ ಬಂದೆ. ಏಳನೆಯ ಕಲಂಗೆ ಬಂದಾಗ ಪೆನ್ನು ನಿಂತಿತು. 'ಈ ಯೋಜನೆಯಿಂದ ತಮಗಾಗಲಿ ತಮ್ಮ ಹತ್ತಿರದ ಸಂಬಂಧಿಕರಿಗಾಗಲಿ ವೈಯಕ್ತಿಕ ಅನುಕೂಲ ಇದೆಯೇ?'

ಪಕ್ಕದಲ್ಲಿ ಎರಡು ಚೌಕ. ಹೌದು, ಇಲ್ಲ.

ಇಲ್ಲ ಎಂದರೆ ಯಾರಿಗೂ ಗೊತ್ತಾಗುವುದಿಲ್ಲ. ಅಂಕಿ ನಿಜವೇ. ಅಜ್ಜನ ಗೀಟು ನಿಜ, ಚುಕ್ಕೆ ನಿಜ. ಒಂದು ಸಣ್ಣ ಸುಳ್ಳು ಅಷ್ಟೊಂದು ನಿಜಗಳ ನಡುವೆ ಏನು ಮಾಡೀತು? ಹೌದು ಎಂದರೆ ನನ್ನ ತಿದ್ದುಪಡಿಯನ್ನು ಯಾರು ನಂಬುತ್ತಾರೆ? ಮೊದಲ ಸಲ ಪಕ್ಷಪಾತವಾದೀತೆಂದು ಹೆದರಿ ಕೇಳಬೇಕಾದದ್ದನ್ನು ಕೇಳಲಿಲ್ಲ. ಈಗಲೂ ಅದೇ ಹೆದರಿಕೆಯಿಂದ ಎಲ್ಲ ಕೆಡಿಸುತ್ತಿದ್ದೇನೆಯೇ? ಸುಮಾರು ಹೊತ್ತು ಹಾಗೇ ಕೂತಿದ್ದೆ. ಕೊನೆಗೆ ಹೌದು ಎಂಬ ಚೌಕಕ್ಕೆ ಗುರುತು ಹಾಕಿ, ಮುಂದೆ 'ಅಕ್ಕ, ಆಚೆ ದಡದ ನಿವಾಸಿ' ಎಂದು ಬರೆದೆ. ಧೈರ್ಯದಿಂದ ಬರೆದೆ ಎಂದು ಹೇಳಲಾರೆ. ಆ ರಾತ್ರಿ ಮತ್ತೆ ಚೆನ್ನಾಗಿ ನಿದ್ದೆ ಬಂದುಬಿಟ್ಟರೆ ಎಂಬ ಭಯವಿತ್ತು.

ಮೇಡಂ ಏಳನೆಯ ಕಲಂ ಓದಿ ಕುರ್ಚಿಗೆ ಒರಗಿದರು.

"ಇದನ್ನ ಬರೀಲೇಬೇಕಿತ್ತಾ?"

"ಕೇಳಿದ್ದಾರೆ ಮೇಡಂ."

"ಕೇಳ್ತಾರೆ ಕಣ್ರೀ. ಕೇಳೋದು ಅವರ ಕೆಲಸ." ಕಣ್ಣು ಉಜ್ಜಿಕೊಂಡರು. "ಈಗ ಏನಾಗತ್ತೆ ಗೊತ್ತಲ್ಲ? ಎಣಿಕೆಯೆಲ್ಲ ರದ್ದು. ಬೇರೆ ತಂಡ ಹೊಸದಾಗಿ ಎಣಿಸಬೇಕು. ಈ ವರ್ಷದ ಪಟ್ಟಿ ತಪ್ಪಿಹೋಯ್ತು. ಮುಂದಿನ ವರ್ಷಕ್ಕೆ ಮತ್ತೆ ಮೊದಲಿಂದ. ನೀವು ಆ ಕಡತ ಮುಟ್ಟೋ ಹಾಗಿಲ್ಲ."

"ಗೊತ್ತು ಮೇಡಂ."

"ನಿಮ್ಮ ಅಕ್ಕನಿಗೆ ಗೊತ್ತಾ?"

ನಾನು ಪೆನ್ನಿನ ಮುಚ್ಚಳ ತೆಗೆದು ಅವರ ಮುಂದಿಟ್ಟೆ. ಅವರು ಫಾರಂಗೆ ಸಹಿ ಹಾಕಿದರು. ನಾನು ಬಾಗಿಲ ಹತ್ತಿರ ಬಂದಾಗ ಹಿಂದಿನಿಂದ, "ಹೊಸ ಹಾಳೆ ಮೇಲೆ ಒಬ್ಬರಿಗೆ ಒಂದು ಗೀಟು ಅಂತ ಅಚ್ಚು ಹಾಕಿಸ್ತೀನಿ" ಎಂದರು.

ಅಂದು ಸಂಜೆ ಕೋಣೆಯ ಕಿಟಕಿಯ ಹತ್ತಿರ ನಿಂತು ಅಕ್ಕನಿಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡಳು. ಅವಳ ಕಡೆಯಿಂದ ಹೊಲಿಗೆ ಯಂತ್ರದ ಸದ್ದು ಬರುತ್ತಿತ್ತು. ಅದು ನಿಂತಿತು.

"ಅಂದ್ರೆ ನಿನ್ನ ಸತ್ಯಕ್ಕೆ ನಾನು ಇನ್ನೊಂದು ವರ್ಷ ಒಬ್ಬಳೇ ಉಣ್ಬೇಕು."

"ಅಕ್ಕ..."

"ಅಲ್ಲ, ಲೆಕ್ಕ ಸರಿ ತಾನೇ? ನೀನು ಲೆಕ್ಕದವನು, ಅದಕ್ಕೆ ಕೇಳಿದೆ." ಕತ್ತರಿ ಮೇಜಿನ ಮೇಲಿಟ್ಟ ಸದ್ದು ಕೇಳಿತು. "ಫಾರಂನಲ್ಲಿ ನನ್ನ ಹೆಸರು ಬರೆದ್ಯಾ?"

"ಅಕ್ಕ ಅಂತ ಬರೆದೆ."

"ಅಷ್ಟೇನಾ?" ಎಂದಳು. ಯಂತ್ರ ಮತ್ತೆ ಶುರುವಾಯಿತು. ಫೋನು ಬೇಕೆಂದೇ ತೆರೆದಿಟ್ಟಳೋ ಇಡಲು ಮರೆತಳೋ ತಿಳಿಯಲಿಲ್ಲ. ನಾನು ಆ ಸದ್ದನ್ನು ಕೇಳುತ್ತಾ ಇನ್ನೂ ಸ್ವಲ್ಪ ಹೊತ್ತು ನಿಂತಿದ್ದೆ.

ಶುಕ್ರವಾರ ಒಂಬತ್ತು ಯೋಜನೆಗಳಿಗೆ ಹಣ ಸಿಕ್ಕಿತು. ನಮ್ಮ ವಿಭಾಗಕ್ಕೆಲ್ಲ ಚಹಾ ತರಿಸಿದರು. ಸೇತುವೆಯ ವಿಷಯ ಆಗಲೇ ಹಬ್ಬಿತ್ತು. ಯಾರೂ ಏನೂ ಅನ್ನಲಿಲ್ಲ, ಆದರೆ ಊಟದ ಮೇಜಿನಲ್ಲಿ ನನ್ನ ಎದುರಿನ ಕುರ್ಚಿ ಖಾಲಿ ಉಳಿಯತೊಡಗಿತು. ಮೊದಲೂ ಖಾಲಿಯಿರುತ್ತಿತ್ತೋ ಏನೋ. ನಾನು ಗಮನಿಸಿದ್ದು ಆಗ.

ಹೊಸ ಎಣಿಕೆ ಏಳು ತಿಂಗಳ ಮೇಲೆ ಬಂತು. ಮಂಗಳವಾರದಿಂದ ಮೂರು ದಿನ. ಆ ವಾರ ಲಾಂಚಿನ ಕಡೆ ಸುಳಿಯುವುದೇ ಬೇಡ ಎಂದು ನಿರ್ಧರಿಸಿದೆ. ಹಿಂದಿನ ಭಾನುವಾರವೂ ಹೋಗಲಿಲ್ಲ. ಅಕ್ಕನ ಫೋನು ಬಂತು.

"ಯಾಕೋ ಬರ್ಲಿಲ್ಲ?"

"ಎಣಿಕೆ ಶುರು ಆಗತ್ತೆ ಅಕ್ಕ."

"ಅದು ಮಂಗಳವಾರ ತಾನೇ?"

"ಆದ್ರೂ... ನಾನು ಆ ಕಡೆ ಓಡಾಡೋದು ಸರಿಯಲ್ಲ. ಎಣಿಕೆ ದಿನ ನಾನು ಬಂದ್ರೆ ನನ್ನಿಂದ ಒಂದು ಹೆಚ್ಚಾಗತ್ತೆ."

"ಹೆಚ್ಚಾದ್ರೆ? ನೀನು ನದಿ ದಾಟೋ ಮನುಷ್ಯ ಅಲ್ವೇನೋ? ಊರಲ್ಲಿರೋರನ್ನೆಲ್ಲ ಎಣಿಸ್ತೀರಿ, ನೀನೊಬ್ಬ ದೆವ್ವಾನಾ?" ಉಸಿರು ತೆಗೆದುಕೊಂಡಳು. "ನೋಡು, ಸೇತುವೆ ಕಟ್ಟಿ ಮುಗಿಯೋ ಹೊತ್ತಿಗೆ ನನಗೆ ಎಪ್ಪತ್ತು ಹತ್ರ ಆಗಿರತ್ತೆ. ಹಲ್ಲು ಇರತ್ತೋ ಇಲ್ವೋ. ಬುಧವಾರ ಬಾ. ರಾತ್ರಿ ಉಳಿ. ಬರಲ್ಲ ಅಂದ್ರೆ ಇನ್ಮೇಲೆ ಭಾನುವಾರನೂ ಬರಬೇಡ."

ಹತ್ತೊಂಬತ್ತು ವರ್ಷ ದಾಟಿದ ಮೇಲೆ ಮೊದಲ ಬಾರಿಗೆ ಬುಧವಾರ ಮಧ್ಯಾಹ್ನದಿಂದ ಗುರುವಾರ ಮಧ್ಯಾಹ್ನದವರೆಗೆ ರಜೆ ಬರೆದೆ. ಕಾರಣ ಎಂಬಲ್ಲಿ ಏನು ಬರೆಯಬೇಕೆಂದು ತಿಳಿಯದೆ 'ಊಟ' ಎಂದು ಬರೆದು, ಹೊಡೆದು ಹಾಕಿ, 'ಸ್ವಂತ ಕೆಲಸ' ಎಂದು ಬರೆದೆ.

ನಾಲ್ಕರ ಲಾಂಚಿಗೆ ಹೋದೆ. ಗೇಟಿನ ಪಕ್ಕ ಮಡಿಸುವ ಕುರ್ಚಿಯಲ್ಲಿ ಒಬ್ಬ ಹುಡುಗಿ ರಟ್ಟಿಗೆ ಹಾಳೆ ಸಿಕ್ಕಿಸಿಕೊಂಡು ಕೂತಿದ್ದಳು. ನನ್ನನ್ನು ಅವಳಿಗೆ ಗೊತ್ತಿರಲಿಲ್ಲ. ಜನ ಎರಡೆರಡಾಗಿ ಹಲಗೆ ಹತ್ತುತ್ತಿದ್ದರು: ಗಂಡ ಹೆಂಡತಿ, ಚೀಲ ಹಂಚಿಕೊಂಡು ಹಿಡಿದ ಇಬ್ಬರು ಹೆಂಗಸರು, ಬೈದಾಡುತ್ತಲೇ ಭುಜಕ್ಕೆ ಭುಜ ತಾಗಿಸಿಕೊಂಡು ಹೋದ ಇಬ್ಬರು ಗಾರೆ ಕೆಲಸದವರು. ಅವಳು ಒಬ್ಬೊಬ್ಬರಿಗೂ ಒಂದೊಂದು ಗೀಟು ಎಳೆಯುತ್ತಿದ್ದಳು. ನಾಲ್ಕು ಗಂಟೆಗೆ ನೂಕುನುಗ್ಗಲು ಇರುವುದಿಲ್ಲ, ಕೈ ಹಿಂದೆ ಬೀಳುವ ಭಯವಿರಲಿಲ್ಲ. ನಾನು ಎಲ್ಲರೂ ಹೋಗಲಿ ಎಂದು ಕಾದು ಕೊನೆಯಲ್ಲಿ ಹತ್ತಿದೆ. ಹಲಗೆಯ ಎಡಗಡೆ ನಾನು. ಬಲಗಡೆ ಖಾಲಿ.

ಸುಮ್ಮನೆ ಹೋಗಬೇಕಿತ್ತು. ಆಗಲಿಲ್ಲ.

"ಏನಮ್ಮ, ನನಗೆ ಒಂದೇ ತಾನೇ ಹಾಕಿದ್ದು?"

ಅವಳು ತಲೆಯೆತ್ತಿ ನನ್ನನ್ನೂ ನನ್ನ ಪಕ್ಕದ ಖಾಲಿ ಜಾಗವನ್ನೂ ನೋಡಿದಳು.

"ಮತ್ತೆ? ಜೊತೇಲಿ ಯಾರಿದ್ದಾರೆ ಸರ್?"

"ಯಾರೂ ಇಲ್ಲ" ಎಂದೆ.

ಅಕ್ಕನ ಮನೆ ಸೇರಿದಾಗ ಇನ್ನೂ ಬೆಳಕಿತ್ತು. ಅವಳು ಅರ್ಧ ಹೊಲಿದ ಬಟ್ಟೆಗಳನ್ನು ಒಟ್ಟಿ ಮೇಜು ಖಾಲಿ ಮಾಡಿದ್ದಳು. ಐದೂಕಾಲಾಯಿತು, ಐದೂವರೆಯಾಯಿತು. ನಾನು ಗೋಡೆಯ ಗಡಿಯಾರ ನೋಡಿದಾಗಲೆಲ್ಲ ಅವಳು ನನ್ನನ್ನು ನೋಡುತ್ತಿದ್ದಳು. ಆರಕ್ಕೆ ಕಟ್ಟೆಯ ಕಡೆಯಿಂದ ಕೊನೆಯ ಲಾಂಚಿನ ಕೂಗು ಕೇಳಿತು. ಕಾಲು ತಾನಾಗಿಯೇ ಎದ್ದು ನಿಂತಿತು.

"ಕೂತ್ಕೋ" ಎಂದಳು ಅಕ್ಕ.

ಕೂತೆ. ಅವಳು ಎದ್ದು ದೀಪ ಹಾಕಿ ಎರಡು ತಟ್ಟೆ ತಂದಿಟ್ಟಳು. ಒಂದು ಅವಳು ದಿನವೂ ಬಳಸುವುದು, ಇನ್ನೊಂದರ ಅಂಚಿನಲ್ಲಿ ಅಂಗಡಿಯ ಚೀಟಿ ಇನ್ನೂ ಅಂಟಿಕೊಂಡಿತ್ತು. ಉಗುರಿನಿಂದ ಕೆರೆದು ತೆಗೆಯುತ್ತಾ, "ಯಾವಾಗ ತಂದದ್ದು ಅಂತ ಕೇಳಬೇಡ" ಎಂದಳು.

ನಾನು ಕೇಳಲಿಲ್ಲ.